ಅತ್ತ ಕಣ್ಣು ಇಳಿಸುವ ರೋಶನಬಿ

ಬೆಟಗೇರಿಯ ಓಣಿಯಲ್ಲಿ ಮಗ್ಗದ ಸಪ್ಪಳ ಇನ್ನೂ ಶುರುವಾಗಿಲ್ಲ. ನೇಕಾರ ಕುಬೇರಪ್ಪನವರ ಒಳಕೋಣೆಯಲ್ಲಿ ಬಳೆಗಾರ್ತಿ ರೋಶನಬಿ ಮದುಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ. ಬಳೆಯ ಮಲಾರ ಗೋಡೆಗೆ ಒರಗಿದೆ, ಬಿಚ್ಚಿಲ್ಲ. ಕೈಯಲ್ಲಿರುವುದು ಹಳೇ ಧೋತರದ ಮೆತ್ತನೆಯ ಚೂರು. ಅದನ್ನು ಹರವಿಯ ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಹುಡುಗಿಯ ಬಾತ ಕಣ್ಣಿನ ಮೇಲೆ ಇಡುತ್ತಾಳೆ. ಒರೆಸುವುದಿಲ್ಲ.

"ತಿಕ್ಕಿದ್ರ ಮುಗೀತರಿ ಅಕ್ಕಾರ, ಇನ್ನಷ್ಟು ಬಾತು ಕುಂಡ್ರತಾವ," ಎಂದು ಪತ್ರಿಕೆಗೆ ಬರೆಯಲು ಜೊತೆಗೆ ಬಂದಿರುವ ನನಗೆ ಹೇಳುತ್ತಾಳೆ. ಒಂದು ಕಣ್ಣು ಇಳಿದ ಮೇಲೆಯೇ ಇನ್ನೊಂದು. ಎರಡೂ ಒಮ್ಮೆಲೇ ಮುಚ್ಚಿದರೆ ಹುಡುಗಿಯರು ಕತ್ತಲಲ್ಲಿ ಮತ್ತೆ ನೆನೆಸಿಕೊಂಡು ಅಳುತ್ತಾರಂತೆ.

ರೋಶನಬಿಯ ಹೆಸರನ್ನು ನಾನು ಬರೆಯುವಂತಿರಲಿಲ್ಲ. ನನ್ನನ್ನು ಜೊತೆಗೆ ಕರೆದುಕೊಂಡು ಹೋಗಲು ಆಕೆ ಹಾಕಿದ ಕರಾರು ಅದೊಂದೇ. ಗಂಡಿನ ಕಡೆಯವರ ಕಣ್ಣಿಗೆ ಆಕೆ ಬರೀ ಬಳೆಗಾರ್ತಿ. "ಈಕಿ ಬಂದ್ಳಂದ್ರ ಹುಡುಗಿ ಅತ್ತಾಳ ಅಂತ ಗೊತ್ತಾತಂದ್ರ ನನ್ನ ಯಾರ ಕರೀತಾರ್ರಿ? ಬಳಿ ಇಡಸಾಕೂ ಕರಿಯೂದಿಲ್ಲ."

ಗಂಡ ಮರ್ದಾನಸಾಬ ತೀರಿಕೊಂಡ ಮೇಲೆ ಮಲಾರ ಈಕೆಯ ಹೆಗಲಿಗೆ ಬಂತು. ಸೊರಟೂರಿನಲ್ಲಿ ಕನ್ಯೆ ನೋಡಲು ಬಂದ ದಿನ ಒಬ್ಬ ಹುಡುಗಿಯ ಮುಖ ಅತ್ತೂ ಅತ್ತೂ ಬಾತುಕೊಂಡಿತ್ತು. ಏನು ಮಾಡುವುದೆಂದು ತಿಳಿಯದೆ ಕೈಗೆ ಸಿಕ್ಕ ಸವತಿಕಾಯಿ ಹೆಚ್ಚಿ ಕಣ್ಣಿನ ಮೇಲಿಟ್ಟಳಂತೆ. ಅಲ್ಲಿಂದ ಶುರು. ಬಾವು ಇಳಿಯದಿದ್ದರೆ ಮರೆಮಾಡುವ ದಾರಿಗಳೂ ಇವೆ: ಕೆಳರೆಪ್ಪೆಗೆ ಕಾಡಿಗೆ ಬೇಡ, ಕುಂಕುಮ ದೊಡ್ಡದಿರಲಿ, ಸೀರೆ ಕೆಂಪಿರಲಿ. ಹಸಿರು ಉಟ್ಟರೆ ಕಣ್ಣಿನ ಕೆಂಪು ಎದ್ದು ಕಾಣುತ್ತದೆ.

"ಆಗ ಲಕ್ಷ್ಮೇಶ್ವರ ಒಬ್ಬ ರಾಜಾಂದು, ಶಿರಹಟ್ಟಿ ಇನ್ನೊಬ್ಬಾಂದು, ಗದಗ ಇಂಗ್ರೇಜರದು. ಈಗ ಎಲ್ಲಾ ಒಂದ ಆತು ಅಂತಾರ. ಹುಡುಗ್ಯಾರು ಆಗೂ ಅಳತಿದ್ರು, ಈಗೂ ಅಳತಾರ. ನನಗೇನೂ ತಿಳಿಯಂಗಿಲ್ಲ ಬಿಡ್ರಿ."

ತಿಳಿಯದ್ದು ಇವತ್ತು ಆಕೆಗೊಬ್ಬಳಿಗೇ ಅಲ್ಲ. ಮದುವೆ ಮುಗಿದು, ಮದುಮಗಳು ಹನಮವ್ವ ಇನ್ನು ಸ್ವಲ್ಪ ಹೊತ್ತಿಗೆ ಮುಂಡರಗಿಗೆ ಹೊರಡಬೇಕು. ಇಷ್ಟು ಬಾತ ಕಣ್ಣು ಕಂಡರೆ ಹುಡುಗಿಗೆ ಮನಸ್ಸಿರಲಿಲ್ಲ, ಒತ್ತಾಯದಿಂದ ಕಟ್ಟಿದ್ದಾರೆ ಎಂದಾರು ಬೀಗರು. ಹಾಗಂತ ಪೂರಾ ಇಳಿಸುವ ಧೈರ್ಯವೂ ಯಾರಿಗೂ ಇಲ್ಲ. ಅದಕ್ಕೆ ಕಾರಣ ಮೂಲೆಯಲ್ಲಿ ಸವತಿಕಾಯಿ ಹೆಚ್ಚುತ್ತ ಕೂತಿರುವ ಅಕ್ಕ ದೇವವ್ವ.

ಎರಡು ವರ್ಷದ ಕೆಳಗೆ ದೇವವ್ವನನ್ನು ಲಕ್ಷ್ಮೇಶ್ವರಕ್ಕೆ ಕಳಿಸುವ ದಿನವೂ ರೋಶನಬಿಯೇ ಬಂದಿದ್ದಳು. ಕೆಲಸ ಎಷ್ಟು ಚೆನ್ನಾಗಿ ಆಯಿತೆಂದರೆ ತವರಿನ ಹೊಸ್ತಿಲು ದಾಟುವಾಗ ಹುಡುಗಿಯ ಕಣ್ಣುಗಳು ತಿಳಿಯಾಗಿದ್ದವು. ಆ ಹೊತ್ತಿನಲ್ಲಿ ಕೆಂಪಗಿರಬೇಕಾದ ಕಣ್ಣು! ಹೆತ್ತವ್ವನನ್ನು ಬಿಟ್ಟು ಬರುವಾಗ ಹನಿ ನೀರು ಹಾಕದವಳು ನಮ್ಮನ್ನೇನು ಕಂಡಾಳು ಎಂದರು ಗಂಡನ ಮನೆಯವರು. ಕಲ್ಲೆದೆಯವಳು ಎಂಬ ಮಾತು ಲಕ್ಷ್ಮೇಶ್ವರದ ಓಣಿಯಲ್ಲಿ ಇವತ್ತಿಗೂ ಹೋಗಿಲ್ಲ.

"ಸ್ವಲ್ಪ ಕೆಂಪ ಇರಲಿ," ಎನ್ನುತ್ತಾಳೆ ತಾಯಿ ಉಡಚವ್ವ.

"ಸ್ವಲ್ಪಂದ್ರ ಎಷ್ಟ ಅಕ್ಕಾ?" ರೋಶನಬಿಯ ಕೈ ನಿಲ್ಲುತ್ತದೆ. ಹುಡುಗಿಯ ಒಂದು ಕಣ್ಣು ಇಳಿದಿದೆ, ಇನ್ನೊಂದು ಹಾಗೇ ಇದೆ.

ಬಾಗಿಲಲ್ಲಿ ನಿಂತ ಕುಬೇರಪ್ಪ ಗಂಟಲು ಸರಿಮಾಡಿಕೊಳ್ಳುತ್ತಾರೆ. "ಅಳೂದೇನ ಲೆಕ್ಕಕ್ಕ ಸಿಗೂದಲ್ಲ. ಮನ್ನೆ ಏಕೀಕರಣದ ಮೆರವಣಿಗ್ಯಾಗ ನಾನೂ ಅತ್ತೀನಿ. ಯಾಕಂತ ನನಗ ತಿಳೀಲಿಲ್ಲ."

"ನೀ ಓಣ್ಯಾಗ ಎಲ್ಲಾರ ಮುಂದ ಅತ್ತಿಯಪ್ಪಾ," ಎನ್ನುತ್ತಾಳೆ ದೇವವ್ವ, ತಲೆ ಎತ್ತದೆ. "ನಿನ್ನ ಕಣ್ಣ ಯಾರೂ ತೊಳೀಲಿಲ್ಲ." ಈಳಿಗೆ ಸರಿಸಿ, ಸೆರಗು ಬಾಯಿಗೊತ್ತಿ ಅಳುತ್ತಾಳೆ.

ಅದೇ ಹೊತ್ತಿಗೆ, ಮದುವೆಗೆಂದು ಲಕ್ಷ್ಮೇಶ್ವರದಿಂದ ಬಂದಿರುವ ದೇವವ್ವನ ಅತ್ತೆ ಫಕೀರವ್ವ ಒಳಗೆ ಬರುತ್ತಾರೆ. ರೂಢಿ ನೋಡಿ, ರೋಶನಬಿ ಒದ್ದೆ ಅರಿವೆ ಹಿಡಿದು ಥಟ್ಟನೆ ದೇವವ್ವನ ಕಡೆ ತಿರುಗುತ್ತಾಳೆ. ದೇವವ್ವ ಆ ಕೈ ಹಿಡಿದು ತಡೆಯುತ್ತಾಳೆ.

"ಬ್ಯಾಡ ಚಿಗವ್ವಾ."

ಫಕೀರವ್ವ ಸೊಸೆಯ ಮುಖ ನೋಡುತ್ತಾರೆ, ಗಲಿಬಿಲಿಗೊಳ್ಳುತ್ತಾರೆ. "ನಿನಗ ಅಳು ಬರತೈತೇನ?"

"ಅವತ್ತೂ ಬಂದಿತ್ರಿ ಅತ್ತಿ."

ಮುಂದಿನದನ್ನು ದೇವವ್ವ ಹೇಳುವುದಿಲ್ಲ. ಹೇಳಿದರೆ ಯಾರ ಅನ್ನಕ್ಕೆ ಕಲ್ಲು ಬೀಳುತ್ತದೆಂದು ಆಕೆಗೆ ಗೊತ್ತು. ಎರಡು ವರ್ಷ ಬಾಯಿಬಿಡದಿದ್ದದ್ದೂ ಅದಕ್ಕೇ ಇದ್ದೀತು. ರೋಶನಬಿ ಬಾಗಿಲ ಕಡೆ ನೋಡುತ್ತಾಳೆ, ಮಲಾರದ ಕಡೆ ನೋಡುತ್ತಾಳೆ. ಆಮೇಲೆ ಅರಿವೆಯನ್ನು ಹರವಿಯ ಪಕ್ಕ ಇಡುತ್ತಾಳೆ.

"ಖರೆರಿ ಅಕ್ಕಾ. ರಾತ್ರಿಯೆಲ್ಲಾ ಅತ್ತಿತ್ರಿ ಕೂಸು. ಬೆಳಗಾಮುಂಜಾನೆ ಬಂದು ಇಳಿಸಿದಾಕಿ ನಾನು. ನಿಮ್ಮ ಓಣಿಯಾಗ ಇನ್ನೂ ಹತ್ತು ಮನ್ಯಾಗ ಇದನ್ನ ಮಾಡೀನಿ."

ಫಕೀರವ್ವ ಒಂದೊಂದೇ ಬೆರಳು ಮಡಚುತ್ತಾರೆ. ಆ ಹತ್ತು ಮನೆಗಳಲ್ಲಿ ತಮ್ಮದೇ ಬಳಗದವು ಯಾವುವು ಎಂದು ಯೋಚಿಸುತ್ತಿದ್ದಾರೋ, ಏನೋ. ಕೊನೆಗೆ ಸೊಸೆಯ ಪಕ್ಕ ಚಾಪೆಯ ಮೇಲೆ ಕುಳಿತು, "ಹೇಳಬಾರದಿತ್ತೇನ ಹುಡುಗಿ?" ಎನ್ನುತ್ತಾರೆ. ಬೈದದ್ದೋ ಮರುಗಿದ್ದೋ ಗೊತ್ತಾಗುವುದಿಲ್ಲ. ಕೈ ಮಾತ್ರ ದೇವವ್ವನ ಬೆನ್ನ ಮೇಲಿದೆ.

ಈ ಗದ್ದಲದಲ್ಲಿ ಹನಮವ್ವನನ್ನು ಎಲ್ಲರೂ ಮರೆತಿದ್ದಾರೆ. ಹೊರಡುವ ಹೊತ್ತು ಬಂದೇಬಿಡುತ್ತದೆ. ಒಂದು ಕಣ್ಣು ಇಳಿದು, ಒಂದು ಕಣ್ಣು ಬಾತುಕೊಂಡೇ ಆಕೆ ಮುಂಡರಗಿಯ ಗಾಡಿ ಹತ್ತುತ್ತಾಳೆ. ಯಾವ ಕಣ್ಣು ನೋಡಿ ಏನೆನ್ನಬೇಕೆಂದು ಬೀಗರಿಗೆ ತಿಳಿಯದೆ ಅವರೂ ಸುಮ್ಮನೆ ಹತ್ತುತ್ತಾರೆ.

ಓಣಿಯ ತುದಿಯಲ್ಲಿ ರೋಶನಬಿ ಮಲಾರ ಹೆಗಲಿಗೇರಿಸಿಕೊಂಡು ನಿಲ್ಲುತ್ತಾಳೆ. ಇನ್ನು ಯಾರು ಕರೆಯುತ್ತಾರೆ, ಯಾರು ಬಿಡುತ್ತಾರೆ, ಆಕೆಗೆ ಗೊತ್ತಿಲ್ಲ.

"ಅಕ್ಕಾರ, ನಿಮ್ಮ ಪೇಪರ್ ಲಕ್ಷ್ಮೇಶ್ವರಕ್ಕ ಹೋಗತೈತೇನ್ರಿ?"

ಹೋಗುತ್ತದೆ ಎನ್ನುತ್ತೇನೆ.

"ಹಂಗಾರ ನನ್ನ ಹೆಸರ ಹಾಕ್ರಿ. ದೇವವ್ವ ಅತ್ತಿದ್ಳು, ಬಾಳ ಅತ್ತಿದ್ಳು, ತೊಳದಾಕಿ ರೋಶನಬಿ ಅಂತ ದೊಡ್ಡ ಅಕ್ಷರದಾಗ ಬರೀರಿ."