ಗಂಗವ್ವ ಇಟ್ಟ ಹೆಸರು

ಮೊದಲೇ ಹೇಳಿಬಿಡುತ್ತೇನೆ, ಇದು ನನ್ನ ಕಣ್ಣೆದುರಿಗೆ ನಡೆದದ್ದು... ಇಲ್ಲ, ತಪ್ಪಾಯಿತು. ಅರ್ಧ ನನ್ನೆದುರಿಗೆ, ಇನ್ನರ್ಧ ನನ್ನ ಹೆಂಡತಿ ಗಂಗವ್ವನ ಎದುರಿಗೆ. ಅವಳು ಸುಳ್ಳು ಹೇಳುವ ಹೆಣ್ಣಲ್ಲ. ನಮ್ಮ ಮನೆಯಲ್ಲಿ ಆ ಕೆಲಸವೇನಿದ್ದರೂ ನನ್ನ ಪಾಲಿನದು. ಆದರೆ ಇದೊಂದು ವಿಷಯದಲ್ಲಿ ನಾನೂ ಒಂದಕ್ಷರ ಸೇರಿಸಿಲ್ಲ. ದೆವ್ವದ ಪಾದ ಹಿಂದುಮುಂದಾಗಿತ್ತಾ, ಬಿಳಿ ಸೀರೆ ಉಟ್ಟಿತ್ತಾ ಅಂತ ಕೇಳುವವರಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ನಂಬದವರು ಪುಟ ತಿರುವಿ ಮುಂದೆ ಹೋಗಬಹುದು, ನನಗೇನೂ ಬೇಜಾರಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ನಾವು ವಿಜಾಪುರದ ಕಡೆಯವರು. ಹೊಟ್ಟೆಪಾಡಿಗೆ ಗೋವಾಕ್ಕೆ ಬಂದು ಮಡಗಾಂವದ ಮೋತಿ ಡೊಂಗರ್ ಗುಡ್ಡದ ಮೇಲೆ ಒಂದು ತಗಡಿನ ಕೋಣೆಯಲ್ಲಿದ್ದೆವು. ನಾನು ಸುಣ್ಣ ಬಳಿಯುವವ. ಗಂಗವ್ವ ನೀರು ಹೊತ್ತು ಸುಣ್ಣ ಕಲಸಿ, ನಾನು ಮೇಲೆ ಹತ್ತಿದರೆ ಕೆಳಗೆ ಏಣಿ ಹಿಡಿಯುತ್ತಿದ್ದಳು.

ಆ ವರ್ಷ ಮೇ ತಿಂಗಳಲ್ಲಿ ನಮಗೆ ಮೊದಲ ಕೂಸು ಹುಟ್ಟಿತು. ಹೆಣ್ಣುಮಗು. ನಮ್ಮಲ್ಲಿ ಹದಿಮೂರನೇ ದಿನಕ್ಕೆ ತೊಟ್ಟಿಲಿಗೆ ಹಾಕಿ ಹೆಸರಿಡುತ್ತಾರೆ. ಕಿವಿಯಲ್ಲಿ ಹೆಸರು ಕರೆಯಬೇಕಾದವಳು ಸೋದರತ್ತೆ, ಅಂದರೆ ನನ್ನ ಅಕ್ಕ. ಅವಳು ಊರಲ್ಲಿದ್ದಳು. ನನಗೋ, ಮಳೆ ಹಿಡಿಯುವ ಮೊದಲು ಒಂದು ಬಂಗಲೆ ಮುಗಿಸಿಕೊಡುವ ಅವಸರ.

"ದೀಪಾವಳಿಗೆ ಊರಿಗೆ ಹೋಗ್ತೇವಲ್ಲ, ಆವಾಗ ತೊಟ್ಟಿಲಿಗೆ ಹಾಕೂಣು" ಎಂದೆ.

"ಅಲ್ಲೀತನಾ ಯಾಕ್ರಿ? ನಾವ ಇಬ್ರೂ ಇಡೂಣ್ರಿ. ನನ್ನ ಮನಸಿನ್ಯಾಗ ಒಂದು ಹೆಸರೈತಿ" ಎಂದಳು ಗಂಗವ್ವ.

"ಹುಚ್ಚಿ ಇದ್ದೀ ಏನು? ಸೋದರತ್ತಿ ಇಲ್ಲದ ಎಲ್ಲೆರೆ ಹೆಸರು ಇಡ್ತಾರೇನು? ಅಕ್ಕ ನನ್ನ ಮಾರಿ ಸೈತ ನೋಡೂದಿಲ್ಲ" ಎಂದು ಬಾಯಿ ಮುಚ್ಚಿಸಿದೆ. ಆ ಹೆಸರು ಯಾವುದು ಅಂತ ಕೇಳುವಷ್ಟು ವ್ಯವಧಾನವೂ ನನಗಿರಲಿಲ್ಲ.

ಆಗಸ್ಟಿನಲ್ಲಿ ಮಗುವಿಗೆ ಜ್ವರ ಬಂತು. ಮೂರು ದಿನ, ಅಷ್ಟೆ.

ಅಕ್ಕಪಕ್ಕದ ಇಬ್ಬರು ಗಂಡಸರು ನನ್ನ ಜೊತೆ ಬಂದರು. ಸುರಿಯುವ ಮಳೆಯಲ್ಲಿ ಗುಡ್ಡದ ಹಿಂದೆ ಒಂದು ಗೇರುಮರದ ಬುಡದಲ್ಲಿ ಮಣ್ಣು ಮಾಡಿ ಬಂದೆವು. ವಾಪಸ್ ಬಂದಾಗ ನಮ್ಮೂರ ಕಡೆಯ ಹೆಂಗಸರು ಗಂಗವ್ವನ ಸುತ್ತ ಕೂತಿದ್ದರು. ನಮ್ಮ ಕಡೆ ಸತ್ತವರ ಹೆಸರು ಹಿಡಿದು ಕರೆದು, ಅವರ ಗುಣ ಹೇಳಿ ಹಾಡಿಕೊಂಡು ಅಳುತ್ತಾರೆ. "ಅಳವಾ ಗಂಗವ್ವ, ಎದಿ ಹಗರ ಆಗ್ತೈತಿ, ಅಳು" ಎಂದಳು ಒಬ್ಬ ಮುದುಕಿ.

ಗಂಗವ್ವ ನನ್ನ ಮುಖ ನೋಡಿ ಕೇಳಿದಳು. "ಏನಂತ ಕರದು ಅಳ್ಲಿ?"

ಅದೇ ಕೊನೆ. ಆಮೇಲೆ ನಾಲ್ಕು ತಿಂಗಳು ಅವಳು ಅಳಲಿಲ್ಲ, ಮಾತೂ ಆಡಲಿಲ್ಲ. ಕೆಲಸಕ್ಕೆ ಬರುತ್ತಿದ್ದಳು, ಅಡಿಗೆ ಮಾಡುತ್ತಿದ್ದಳು. ತಟ್ಟೆ ಮುಂದಿಟ್ಟು ಆಚೆ ಹೋಗಿ ಕೂರುತ್ತಿದ್ದಳು. ದಿನದಿಂದ ದಿನಕ್ಕೆ ಸೊರಗುತ್ತ ಹೋದಳು. ಅವಳೂ ನನ್ನ ಕೈ ಬಿಟ್ಟು ಹೋಗುತ್ತಾಳೆ ಅಂತ ನನಗೆ ಒಳಗೊಳಗೇ ಭಯ ಹತ್ತಿಬಿಟ್ಟಿತ್ತು. ದೀಪಾವಳಿಗೆ ಊರಿಗೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು?

ಡಿಸೆಂಬರಿನಲ್ಲಿ ಒಂದು ಹಳ್ಳಿಯ ಚರ್ಚಿನ ಕೆಲಸ ಸಿಕ್ಕಿತು. ಮಡಗಾಂವದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಕ್ರಿಸ್ಮಸ್ಸಿನೊಳಗೆ ಒಳಗೋಡೆಗೆಲ್ಲ ಎರಡು ಕೋಟು ಸುಣ್ಣ ಆಗಬೇಕಿತ್ತು. ಹಬ್ಬಕ್ಕೆ ಮುಂಚಿನ ನಾಲ್ಕು ವಾರ ಅವರಿಗೆ ಕಾಯುವ ಕಾಲ. ಪಾದ್ರಿ ನೇರಳೆ ಬಣ್ಣದ ನಿಲುವಂಗಿ ಹಾಕುತ್ತಾರೆ, ಬೆಳಿಗ್ಗೆ ಪೂಜೆ, ಸಂಜೆ ಹಾಡಿನವರ ತಾಲೀಮು. ಹೀಗಾಗಿ ನಮ್ಮ ಕೆಲಸವೆಲ್ಲ ರಾತ್ರಿ, ಹಾಡಿನವರು ಹೋದ ಮೇಲೆ. ಮಲಗಲು ಚರ್ಚಿನ ಹಿಂದೆ ಒಂದು ಕೋಣೆ ಕೊಟ್ಟಿದ್ದರು.

ಚರ್ಚಿನ ಬೀಗ, ಗಂಟೆ, ದೀಪ ನೋಡಿಕೊಳ್ಳುತ್ತಿದ್ದವನು ಪೆದ್ರು ಎಂಬ ಮುದುಕ. ಪ್ರಾಯದಲ್ಲಿ ಲೋಂಡಾದಲ್ಲಿ ರೈಲ್ವೆ ಕೆಲಸದಲ್ಲಿದ್ದವ, ನಮ್ಮ ಭಾಷೆ ಚೆನ್ನಾಗಿ ಬರುತ್ತಿತ್ತು. ನಾವು ಪೆದ್ರು ಬಾಬ್ ಅನ್ನುತ್ತಿದ್ದೆವು. ಊರ ಹುಡುಗರು ಒಂದು ಮೂಲೆಯಲ್ಲಿ ಯೇಸು ಹುಟ್ಟಿದ ಗೋದಲಿ ಕಟ್ಟಿದ್ದರು. ಬಿದಿರಿನ ಕೊಟ್ಟಿಗೆ, ಮಣ್ಣಿನ ದನ, ಕುರಿ, ಮಂಡಿಯೂರಿದ ತಾಯಿ, ಕೋಲು ಹಿಡಿದ ತಂದೆ. ಸುತ್ತ ಹಸಿರಿಗಾಗಿ ತಟ್ಟೆಗಳಲ್ಲಿ ರಾಗಿ ಮೊಳಕೆ ಹಾಕಿದ್ದರು. ಅದಕ್ಕೆ ದಿನಾ ನೀರು ಚಿಮುಕಿಸುವ ಕೆಲಸವನ್ನು ಪೆದ್ರು ಬಾಬ್ ಗಂಗವ್ವನಿಗೆ ವಹಿಸಿದ.

ಎರಡನೇ ದಿನ ಇರಬೇಕು. ನಾನು ಸುಣ್ಣ ಸೋಸುತ್ತಿದ್ದೆ. ಹಿಂದಿನಿಂದ ಒಂದು ದನಿ ಬಂತು...

"ಕೂಸೆಲ್ಲಿ?"

ಗಂಗವ್ವನ ದನಿ! ನಾಲ್ಕು ತಿಂಗಳ ಮೇಲೆ. ಅವಳು ಗೋದಲಿಯ ಮುಂದೆ ನಿಂತು ಹುಲ್ಲು ಹಾಸಿದ ಖಾಲಿ ಮೇವಿನ ತೊಟ್ಟಿ ನೋಡುತ್ತಿದ್ದಳು.

"ಇನ್ನೂ ಬಂದಿಲ್ಲ ಬಾಯಿ" ಎಂದ ಪೆದ್ರು ಬಾಬ್. "ಇಪ್ಪತ್ನಾಕನೇ ತಾರೀಖು ರಾತ್ರಿ ಹನ್ನೆರಡಕ್ಕ ಫಾದರ್ ತಂದು ಮಲಗಸ್ತಾರ. ಅಲ್ಲೀತನಾ ಖಾಲಿನ ಇರಬೇಕು."

"ಹೆಸರು ಯಾವಾಗ ಇಡ್ತೀರಿ ಅದಕ್ಕ?"

"ಅದಕ್ಕ? ಹುಟ್ಟೂದಕ್ಕಿಂತ ಮೊದಲ ಹೆಸರಿಟ್ಟಾಗಿತ್ತು. ದೇವದೂತ ಬಂದು ಹೇಳಿ ಹೋಗಿದ್ದ."

ಗಂಗವ್ವ ತಿರುಗಿ ನನ್ನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ತಲೆ ತಗ್ಗಿಸಿ ಸುಣ್ಣ ಸೋಸಿದೆ.

ಇದಾಗಿ ನಾಲ್ಕನೆಯ ರಾತ್ರಿ... ಹಾಡಿನವರು ಒಂಬತ್ತಕ್ಕೆ ಹೋದರು. ಪೆದ್ರು ಬಾಬ್ ಮುಂಬಾಗಿಲಿಗೆ ಬೀಗ ಹಾಕಿ, ಹಿಂಬಾಗಿಲು ನಮಗೆ ಬಿಟ್ಟು ಮನೆಗೆ ಹೋದ. ಊರಲ್ಲಿ ಯಾರದೋ ಮನೆಯಲ್ಲಿ ಹಬ್ಬದ ಸಿಹಿ ದೋದೋಲ್ ಕಾಯಿಸುತ್ತಿದ್ದರು, ಬೆಲ್ಲ ತೆಂಗಿನಹಾಲಿನ ವಾಸನೆ ಕಿಟಕಿಯಿಂದ ಬರುತ್ತಿತ್ತು. ಎಲ್ಲರ ಜಗಲಿಯಲ್ಲೂ ಕಾಗದದ ನಕ್ಷತ್ರ ಹೊತ್ತಿಸಿದ್ದರು.

ನಾನು ಪೀಠದ ಮೇಲಿನ ಕಮಾನಿನ ಹತ್ತಿರ ಅಟ್ಟಣಿಗೆ ಮೇಲೆ ಕೂತಿದ್ದೆ. ಹನ್ನೊಂದು ದಾಟಿರಬಹುದು. ನೀರು ಮುಗಿಯಿತು. ಗಂಗವ್ವ ಬಕೀಟು ತೆಗೆದುಕೊಂಡು ಬಾವಿಗೆ ಹೋದಳು. ಬಾವಿ ಇದ್ದದ್ದು ಹಿಂದೆ, ಸ್ಮಶಾನದ ಗೋಡೆಗೆ ಹತ್ತಿಕೊಂಡು.

ಬಾವಿಯ ಗಡಗಡಿ ತಿರುಗಿದ ಸದ್ದು ಕೇಳಿಸಿತು. ಕಿರ್ರ್... ಕಿರ್ರ್... ಸರಿ, ಬರುತ್ತಾಳೆ ಅಂದುಕೊಂಡೆ. ಬರಲಿಲ್ಲ. ಮತ್ತೆ ಗಡಗಡಿ. ಮತ್ತೊಮ್ಮೆ. ಎಷ್ಟು ನೀರು ಸೇದುತ್ತಾಳೆ ಇವಳು?

ಆಮೇಲೆ ಬೇರೆ ಸದ್ದು. ದೂರದಲ್ಲಿ ಯಾರೋ ನೆಲಕ್ಕೆ ನೀರು ಹೊಯ್ದ ಹಾಗೆ. ಒಂದು ಗಳಿಗೆ ಮೌನ. ಒಂದು ಮಾತು. ಮತ್ತೆ ನೀರು... ಮೌನ... ಒಂದು ಮಾತು. ಆ ಚರ್ಚಿನ ಗೋಡೆ ಮೊಳದಪ್ಪ, ಮಾತೇನು ಅಂತ ತಿಳಿಯಲಿಲ್ಲ. ಆದರೆ ದನಿ ಗಂಗವ್ವನದಲ್ಲ, ಅಷ್ಟು ಖಚಿತ. ವಯಸ್ಸಾದ ಹೆಂಗಸಿನ ಒಡಕು ದನಿ. ನಿದ್ದೆ ಬಾರದ ಯಾರೋ ಮುದುಕಿ ಮಾತಿಗೆ ಸಿಕ್ಕಿರಬೇಕು, ಗಂಗವ್ವನಿಗೂ ಒಂದು ಜೊತೆ ಆಯಿತು ಅಂದುಕೊಂಡು ಕುಂಚ ಆಡಿಸುತ್ತ ಕೂತೆ.

ಸದ್ದು ನಿಂತಿತು. ಎಷ್ಟು ನಿಶ್ಶಬ್ದವೆಂದರೆ, ನನ್ನ ಕುಂಚದಿಂದ ಸುಣ್ಣದ ಹನಿ ಕೆಳಗಿನ ಹಲಗೆಗೆ ಬೀಳುವುದೂ ಕೇಳಿಸುತ್ತಿತ್ತು.

ಆಮೇಲೆ ಆ ಅಳು...

ನಮ್ಮ ಊರ ಕಡೆಯ ಅಳು. ಹಾಡಿಕೊಂಡು, ಬರೀ 'ಕೂಸೇ ಕೂಸೇ' ಅಂದುಕೊಂಡು, ಹೊಟ್ಟೆಯೊಳಗಿನಿಂದ ಎದ್ದು ಬಂದದ್ದು. ಗಂಗವ್ವ ಅಳುತ್ತಿದ್ದಳು. ಅವಳ ಜೊತೆ ಇನ್ನೊಂದು ದನಿಯೂ ಅಳುತ್ತಿತ್ತು. ಒಬ್ಬಳು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬಳು ಎತ್ತಿಕೊಳ್ಳುತ್ತಿದ್ದಳು. ನಮ್ಮೂರಲ್ಲಿ ಸಾವಿನ ಮನೆಯಲ್ಲಿ ಹೆಂಗಸರು ಅಳುವುದೂ ಹೀಗೇ.

ಏಣಿ ಇಳಿದೆನೋ ಹಾರಿದೆನೋ ನೆನಪಿಲ್ಲ. ಬಾವಿಯ ಹತ್ತಿರ ಯಾರೂ ಇರಲಿಲ್ಲ. ಸ್ಮಶಾನದ ಗೋಡೆ ಬಳಸಿಕೊಂಡು ಆಚೆ ಓಡಿದೆ. ಗೋಡೆಗೂ ಗದ್ದೆಗೂ ನಡುವೆ ಒಂದು ಸಣ್ಣ ಪಟ್ಟಿ ಜಾಗ, ಹುಲ್ಲು ಬೆಳೆದದ್ದು. ನಾನು ಮೂಲೆ ತಿರುಗುವವರೆಗೂ ಎರಡು ದನಿ ಇದ್ದವು. ತಿರುಗಿದ ಮೇಲೆ ಒಂದೇ.

ಗಂಗವ್ವ ಒಬ್ಬಳೇ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಖಾಲಿ ಬಕೀಟು. ಗಾಳಿಯಲ್ಲಿ ಅಜವಾನದ ಹೊಗೆಯ ವಾಸನೆ, ಬಾಣಂತಿ ಕೋಣೆಯಲ್ಲಿ ಬರುತ್ತದಲ್ಲ, ಅದೇ. ಸುತ್ತ ಎಲ್ಲೂ ಬೆಂಕಿ ಇರಲಿಲ್ಲ.

"ಯಾರ ಇದ್ರು ಇಲ್ಲಿ? ಗಂಗಾ... ಯಾರ ಜೋಡಿ ಇದ್ದಿ?"

ಅವಳು ನನ್ನ ಎದೆಗೆ ತಲೆ ಕೊಟ್ಟು ಅತ್ತಳು. ಬೆಳಗಿನವರೆಗೂ ಅತ್ತಳು. ನಾನೂ ಅತ್ತೆ, ಮುಚ್ಚಿಡುವುದೇನು?

ಬೆಳಕು ಹರಿಯುವ ಹೊತ್ತಿಗೆ ಹೇಳಿದಳು. ಬಾವಿಯ ಹತ್ತಿರ ಒಬ್ಬ ಮುದುಕಿ ನಿಂತಿದ್ದಳಂತೆ. ನೀರು ಸೇದಿಕೊಡು ಎಂದಳಂತೆ. ಗಂಗವ್ವ ಬಕೀಟು ಹೊತ್ತು ಅವಳ ಹಿಂದೆ ಹೋದಳು. ಮುದುಕಿ ಗೋಡೆಗುಂಟ ನಡೆಯುತ್ತ, ಒಂದೊಂದು ಕಡೆ ನಿಂತು, ಬೊಗಸೆಯಿಂದ ಮೂರು ಸಲ ನೀರು ಹಾಕಿ ಒಂದೊಂದು ಹೆಸರು ಕರೆಯುತ್ತಿದ್ದಳು. ನೀರು ಮುಗಿದಾಗ ಗಂಗವ್ವ ಮತ್ತೆ ಸೇದಿ ತರುತ್ತಿದ್ದಳು. ಕಡೆಗೆ ಒಂದು ಜಾಗದಲ್ಲಿ ಮುದುಕಿ ನೀರು ಹಾಕಿ, ಹೆಸರು ಹೇಳದೆ ತಿರುಗಿ ನಿಂತಳು.

"ಇದು ನಿಂದು. ಕರಿ, ಅಂದ್ಲು. ನಾ ಕರದೆ" ಎಂದಳು ಗಂಗವ್ವ.

"ಯಾವ ಭಾಷಾದಾಗ ಅಂದ್ಲು? ನಿನಗ ಕೊಂಕಣಿ ಎಲ್ಲಿ ಬರ್ತೈತಿ?"

ಗಂಗವ್ವ ಯೋಚಿಸಿದಳು. "ಗೊತ್ತಿಲ್ರಿ. ತಿಳೀತು, ಅಷ್ಟ."

ಅಷ್ಟರಲ್ಲಿ ಪೆದ್ರು ಬಾಬ್ ಬೆಳಗಿನ ಗಂಟೆ ಹೊಡೆಯಲು ಬಂದಿದ್ದ. ನಾವು ಇಬ್ಬರೂ ಅಲ್ಲಿ ಕೂತದ್ದು ನೋಡಿ ಹತ್ತಿರ ಬಂದ. ನೆಲ ನೋಡಿದ. ಒಣಹುಲ್ಲಿನ ಮೇಲೆ ಗೋಡೆಗುಂಟ ತಟ್ಟೆಯಗಲದ ಒದ್ದೆ ಗುರುತುಗಳು ಸಾಲಾಗಿದ್ದವು. ಮುದುಕ ತಲೆಯ ಮೇಲಿನ ಟೊಪ್ಪಿಗೆ ತೆಗೆದ. ಬೆರಳು ಮಾಡಿ ಎಣಿಸಿದ. ಮತ್ತೆ ಎಣಿಸಿದ.

"ಯಾರು ತೋರಿಸಿದ್ರು ನಿಮಗ ಈ ಜಾಗ?"

ನಾನು ನಡೆದದ್ದು ಹೇಳಿದೆ. ಅವನು ಎದೆಯ ಮೇಲೆ ಶಿಲುಬೆ ಗುರುತು ಮಾಡಿ ಹುಲ್ಲಿನ ಮೇಲೆ ಕೂತ.

ಹಿಂದಿನ ಕಾಲದಲ್ಲಿ, ದೀಕ್ಷಾಸ್ನಾನ ಆಗಿ ಹೆಸರಿಡುವ ಮೊದಲೇ ಸತ್ತ ಕೂಸುಗಳನ್ನು ಸ್ಮಶಾನದ ಒಳಗೆ ಹೂಳುತ್ತಿರಲಿಲ್ಲವಂತೆ. ಗೋಡೆಯ ಆಚೆ, ಶಿಲುಬೆ ಇಲ್ಲ, ಕಲ್ಲಿಲ್ಲ. ಊರಿನ ಸೂಲಗಿತ್ತಿ ಒಬ್ಬಳಿದ್ದಳು, ಎಲ್ಲರೂ ಮಾಯ್ ಅನ್ನುತ್ತಿದ್ದರು. ಆ ಕೂಸುಗಳನ್ನೆಲ್ಲ ಹುಟ್ಟುವಾಗ ಕೈಯಾರೆ ಹಿಡಿದುಕೊಂಡವಳು. ಪ್ರತಿವರ್ಷ ಕ್ರಿಸ್ಮಸ್ಸಿಗೆ ಮುಂಚೆ ಒಂದು ರಾತ್ರಿ ಯಾರಿಗೂ ಹೇಳದೆ ಬಂದು, ಒಂದೊಂದಕ್ಕೂ ನೀರು ಹಾಕಿ ತಾನೇ ಹೆಸರು ಕರೆದು ಹೋಗುತ್ತಿದ್ದಳು. ಹಳೆಯ ಪಾದ್ರಿಗೆ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇದ್ದರು.

"ಮಾಯ್ ಸತ್ತು ಆರು ವರ್ಷ ಆತು. ಎಲ್ಲಾ ಜಾಗ ಗೊತ್ತಿದ್ದದ್ದು ಆಕೀಗೆ ಒಬ್ಬಾಕೀಗೆ" ಎಂದ ಪೆದ್ರು ಬಾಬ್. ಮೂರನೆಯ ಒದ್ದೆ ಗುರುತಿನ ಮೇಲೆ ಕೈ ಇಟ್ಟ. "ನನಗ ಗೊತ್ತಿರೂದು ಇದೊಂದ. ಇದು ನಮ್ಮ ಮನೀದು."

ಕೈ ತೆಗೆದು ಸಾಲಿನ ಕೊನೆಯವರೆಗೆ ಕಣ್ಣು ಹಾಯಿಸಿದ. ಆಮೇಲೆ ಅವನು ಬಹಳ ಮೆಲ್ಲಗೆ ಹೇಳಿದ.

"ಹನ್ನೊಂದು ಅಂತಿದ್ಲು ಮಾಯ್. ಇಲ್ಲಿ ಹನ್ನೆರಡು ಅದಾವು."

ಹನ್ನೆರಡನೆಯದರ ಹತ್ತಿರ ಗಂಗವ್ವ ಕೂತಿದ್ದಳು.

ಆ ದಿನ ಅವಳು ಹೊಟ್ಟೆ ತುಂಬ ಉಂಡಳು. ನನ್ನ ಜೊತೆ ಮಾತಾಡಿದಳು. ಇಪ್ಪತ್ನಾಲ್ಕನೇ ತಾರೀಖು ರಾತ್ರಿ ನಾವೂ ಜನರ ಹಿಂದೆ, ಬಾಗಿಲ ಹತ್ತಿರ ನಿಂತಿದ್ದೆವು. ಪಾದ್ರಿ ಮಣ್ಣಿನ ಕೂಸನ್ನು ತಂದು ಹುಲ್ಲಿನ ಮೇಲೆ ಮಲಗಿಸಿದಾಗ ಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನನಗೆ ನನ್ನ ಹೆಂಡತಿ ವಾಪಸ್ ಸಿಕ್ಕಿದ್ದಳು. ಅದು ಯಾರ ದಯವೋ, ಈ ಹೊತ್ತಿಗೂ ಕೈ ಮುಗಿಯುತ್ತೇನೆ.

ಆದರೆ ಹೆಸರು ಮಾತ್ರ ಹೇಳಲಿಲ್ಲ.

"ಏನಂತ ಕರದಿ ಗಂಗಾ?" ಎಂದು ಅದೇ ವಾರ ಕೇಳಿದೆ.

"ಕರದದ್ದಾತು. ಇನ್ನ ಕೇಳಬ್ಯಾಡ್ರಿ."

ಮುಂದೆ ಎರಡು ಗಂಡುಮಕ್ಕಳಾದವು. ಇಬ್ಬರಿಗೂ ಹದಿಮೂರನೇ ದಿನಕ್ಕೇ ತೊಟ್ಟಿಲು. ಅಕ್ಕನನ್ನು ಹಿಂದಿನ ದಿನವೇ ಹೋಗಿ ಕರೆತಂದಿದ್ದೆ. ಗೋವಾ ಬಿಟ್ಟು ಹುಬ್ಬಳ್ಳಿಗೆ ಬಂದೆವು. ವರ್ಷಕ್ಕೊಮ್ಮೆಯಾದರೂ ನಾನು ಆ ಹೆಸರು ಕೇಳುತ್ತಿದ್ದೆ. ಕೇಳಿದಾಗಲೆಲ್ಲ ಅವಳು ಎದ್ದು ಏನಾದರೂ ಕೆಲಸಕ್ಕೆ ಹೋಗುತ್ತಿದ್ದಳು.

ಹೋದ ವರ್ಷ ಗಂಗವ್ವ ತೀರಿಕೊಂಡಳು. ಕೊನೆಯ ಎರಡು ದಿನ ಮೈಮೇಲೆ ಎಚ್ಚರ ಚೆನ್ನಾಗಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ ಮತ್ತೆ ಕೇಳಿದೆ. ನಾಚಿಕೆ ಬಿಟ್ಟು ಬೇಡಿದೆ.

"ಇವತ್ತರೆ ಹೇಳ ಗಂಗಾ. ನಾ ಅದರ ಅಪ್ಪ ಅಲ್ಲೇನು?"

ಅವಳು ನನ್ನ ಕೈ ಹಿಡಿದುಕೊಂಡಳು. ಕೋಪ ಇರಲಿಲ್ಲ, ಅದನ್ನು ಪ್ರಮಾಣ ಮಾಡಿ ಹೇಳುತ್ತೇನೆ.

"ಸಿಟ್ಟಿಗೆ ಮುಚ್ಚಿಟ್ಟಿಲ್ರಿ. ಆ ಮುದುಕಿ ಹೇಳ್ಯಾಳ. ಹಡದವರು ಒಮ್ಮೆ ಕರದ್ರ ಮಲಗತೈತಿ, ಇನ್ನೊಮ್ಮೆ ಕರದ್ರ ಎದ್ದು ಬರ್ತೈತಿ ಅಂತ. ಈಗ ಮಲಗೈತ್ರಿ. ಎಬ್ಬಸಬ್ಯಾಡ್ರಿ."

ನನ್ನ ಮಗಳಿಗೆ ಒಂದು ಹೆಸರಿದೆ. ಅದು ನನಗೆ ಗೊತ್ತಿಲ್ಲ.

ಡಿಸೆಂಬರ್ ಬಂತೆಂದರೆ ನನಗೆ ನಿದ್ದೆ ಬರುವುದಿಲ್ಲ. ಕತ್ತಲಲ್ಲಿ ಮಲಗಿ ಒಂದೊಂದೇ ಹೆಣ್ಣು ಹೆಸರು ತುಟಿಗೆ ತರುತ್ತೇನೆ. ನೀಲವ್ವ... ಶಾರದಾ... ಕಸ್ತೂರಿ... ನಾಲ್ಕೈದು ಆಗುತ್ತಿದ್ದ ಹಾಗೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ತಪ್ಪು ಹೆಸರು ಬರುತ್ತದೆ ಅಂತಲ್ಲ... ಸರಿಯಾದದ್ದೇ ಬಾಯಿಗೆ ಬಂದುಬಿಟ್ಟರೆ? ಅಲ್ಲಿಗೆ ನಿಲ್ಲಿಸಿ, ಹೊದಿಕೆ ಎಳೆದುಕೊಂಡು ಸುಮ್ಮನೆ ಮಲಗುತ್ತೇನೆ.