ಅವರ ಬದಲು ನಾನು ಒತ್ತಿದ ಉತ್ತರ

ಸ್ಯಾನಿಟೈಸರ್ ಹಚ್ಚಿ ಹಚ್ಚಿ ದೊಡ್ಡ ಸಿಸ್ಟರ್ ಬೆರಳ ತುದಿಗಳು ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಸುಲಿದಿದ್ದವು. ಎಷ್ಟು ಒತ್ತಿದರೂ ಫೋನು ಆ ಬೆರಳಿಗೆ ಓಗೊಡುತ್ತಿರಲಿಲ್ಲ. "ನನ್ ಕೈ ಅಂದ್ರೆ ಇದ್ಕೂ ಅಸಡ್ಡೆ. ನೀನೇ ಒತ್ಬುಡು ಕಣಮ್ಮ" ಎಂದು ನನ್ನ ಮಡಿಲಿಗೆ ಹಾಕುತ್ತಿದ್ದರು.

ಕೊರೊನಾದ ಎರಡನೇ ಅಲೆಯ ದಿನಗಳು. ಮಧುಗಿರಿ ತಾಲ್ಲೂಕಿನ ಒಂದು ಚಿಕ್ಕ ಆರೋಗ್ಯ ಕೇಂದ್ರದಲ್ಲಿ ಅವರು ಹಿರಿಯ ನರ್ಸ್. ನಾನು ಕೆಲಸಕ್ಕೆ ಸೇರಿ ವರ್ಷ ತುಂಬದವಳು. ಜ್ವರದ ಮನೆಗಳಿಗೆ ಅವರ ಹಿಂದೆ ಹೋಗುತ್ತಿದ್ದೆ. ಅಂಗಳದಲ್ಲೇ ನಿಂತು, "ಊಟ ಸೇರ್ತೈತಾ? ನಾಲ್ಗೆ ಹೆಂಗೈತೆ?" ಎಂದು ಕೇಳಿದ ಮೇಲೆಯೇ ಥರ್ಮಾಮೀಟರ್ ತೆಗೆಯುತ್ತಿದ್ದರು. ದಾರಿಯಲ್ಲಿ ಮಾಸ್ಕ್ ಕೆಳಗಿಳಿಸಿಕೊಂಡವರು ಸಿಕ್ಕರೆ ಬಿಡುತ್ತಿರಲಿಲ್ಲ. "ಲೇ, ಮೂಗ್ ಮುಚ್ಲಾ! ಮೀಸೆ ಆಮೇಲ್ ತೋರ್ಸೀಯಂತೆ."

ಒಂದು ಮನೆಯಲ್ಲಿ ಅವರೇ ಎರಡು ಹೆರಿಗೆ ಮಾಡಿಸಿದ್ದ ಹೆಂಗಸಿಗೆ ಜ್ವರವಿತ್ತು. "ಸಾದಾ ಜ್ವರ, ಗಾಬರಿ ಬೇಡ" ಎಂದು ಮಾತ್ರೆ ಕೊಟ್ಟು ಬಂದರು. ಮೂರನೇ ದಿನ ತುಮಕೂರಿಗೆ ಸಾಗಿಸುವಾಗ ಆಂಬುಲೆನ್ಸಿನಲ್ಲೇ ಆಕೆ ತೀರಿಕೊಂಡಳು. ಸಿಸ್ಟರ್ ಆ ಸಾವನ್ನು ರಿಜಿಸ್ಟರಿನಲ್ಲಿ ಬರೆದರು. ಅಕ್ಷರ ಮೊದಲಿನಷ್ಟೇ ದುಂಡಗಿತ್ತು. ಆದರೆ ಮೀಸೆ ತೋರಿಸಿಕೊಂಡು ಹೋಗುವವರನ್ನು ಬೈಯುವುದು ನಿಂತುಹೋಯಿತು.

ಅದೇ ವಾರ ನಮ್ಮಂಥ ಸಿಬ್ಬಂದಿಯ ಮನಸ್ಸಿನ ಆರೈಕೆಗೆಂದು ಆನ್‌ಲೈನ್ ಪಾಠಗಳು ಶುರುವಾದವು. ಲಸಿಕೆಯ ಪೆಟ್ಟಿಗೆಗೆ ಫೋನು ಒರಗಿಸಿ ಎಲ್ಲರೂ ನೋಡುತ್ತಿದ್ದೆವು. ಪಾಠದ ಮೇಡಂ ನಿಧಾನವಾಗಿ ಉಸಿರಾಡುವುದನ್ನು ಕಲಿಸಿದಾಗ, "ಉಸ್ರು ಬಿಡಾಕೂ ಕ್ಲಾಸು ಮಾಡ್ತಾರಲ್ಲಪ್ಪ!" ಎಂದು ಯಾರೋ ನಕ್ಕರು. ದೊಡ್ಡ ಸಿಸ್ಟರ್ ಮಾತ್ರ ಕಣ್ಣು ಮುಚ್ಚಿ ಹೇಳಿದಂತೆಯೇ ಮಾಡಿದರು.

ಕೊನೆಯ ಪಾಠದ ನಂತರ ಪ್ರಶ್ನೆಗಳಿದ್ದವು. ನಿದ್ದೆ ಬರುತ್ತಿದೆಯೇ? ನಿಮ್ಮಿಂದ ತಪ್ಪಾಯಿತು ಎನಿಸುತ್ತಿದೆಯೇ? ಯಾರೊಂದಿಗಾದರೂ ಮಾತಾಡಬೇಕೇ? ಹೌದು ಎಂದು ಒತ್ತಿದವರಿಗೆ ಆಪ್ತ ಸಮಾಲೋಚಕರೊಬ್ಬರು ಫೋನ್ ಮಾಡುತ್ತಿದ್ದರು. ಐದು ಗಂಟೆಯೊಳಗೆ ಎಲ್ಲರದ್ದೂ ಮುಗಿದಿರಬೇಕು ಎಂದು ಮೇಲಿನಿಂದ ಸಂದೇಶ ಬಂತು. ನಮ್ಮ ಕೇಂದ್ರದ ಐದೂ ಜನರ ಫೋನುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟುಕೊಂಡು ನಾನೇ ಒತ್ತಿದೆ. ಎಲ್ಲರಿಗೂ ಒಂದೇ ಉತ್ತರ. ನಿದ್ದೆ ಬರುತ್ತಿದೆ. ತಪ್ಪು ಮಾಡಿದೆ ಎನಿಸುತ್ತಿಲ್ಲ. ಮಾತಾಡುವ ಅಗತ್ಯವಿಲ್ಲ. ಆಗ ಸಿಸ್ಟರ್ ಪಕ್ಕದ ಕೋಣೆಯಲ್ಲಿ ಚುಚ್ಚುಮದ್ದು ಕೊಡುತ್ತಿದ್ದರು.

ಕೈ ಒರೆಸಿಕೊಳ್ಳುತ್ತಾ ಬಂದು, "ಕೊನೇಲಿ ಆ ಮೇಡಮ್ಮೋರು ಏನೋ ಕೇಳ್ತಾರಂತಲ್ಲ, ಎಲ್ಲೈತೆ ತೋರ್ಸು" ಅಂದರು.

"ಎಲ್ಲಾ ಕಳಿಸಾಯ್ತು ಸಿಸ್ಟರ್. ನಿಮಗೇನೂ ತೊಂದ್ರೆ ಇಲ್ಲ ಅಂತ ಬಂದೈತೆ."

ಮೇಜಿನಿಂದ ತಮ್ಮ ಫೋನು ಎತ್ತಿಕೊಂಡರು. "ಅಂಗಂತಾ? ಸರಿ, ನಾನ್ ಚೆನ್ನಾಗಿದೀನಿ ಬುಡು" ಎಂದು ನಕ್ಕರು. ನಾನೂ ನಕ್ಕೆ. ಗಡಿಯಾರದಲ್ಲಿ ನಾಲ್ಕೂ ಕಾಲು. ಉತ್ತರ ಬದಲಿಸಲು ಇನ್ನೂ ಮುಕ್ಕಾಲು ಗಂಟೆಯಿತ್ತು.

ನಿವೃತ್ತಿಗೆ ಎರಡು ವರ್ಷವಿರುವಾಗಲೇ ಅವರು ಕೆಲಸ ಬಿಟ್ಟು ಕೊರಟಗೆರೆಯ ಅಕ್ಕನ ಮನೆ ಸೇರಿದರು. ಆಮೇಲೆ ಹೃದಯದ ಕಾಯಿಲೆ ಕಾಣಿಸಿಕೊಂಡಿತು. ಹೋದ ವರ್ಷ, ಗೊರವನಹಳ್ಳಿಯ ದೇವಸ್ಥಾನಕ್ಕೆ ಹೊರಟವರಿಂದ ತುಂಬಿದ್ದ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಅವರನ್ನು ಕಂಡೆ. ಆವತ್ತು ನಾನು ಏನೇನು ಒತ್ತಿದೆನೋ ಒಂದೊಂದಾಗಿ ಹೇಳಿದೆ.

"ಗೊತ್ತಿತ್ತು ಕಣಮ್ಮ. ಯಾರೂ ಫೋನ್ ಮಾಡ್ನಿಲ್ವಲ್ಲ, ಆಗ್ಲೇ ಗೊತ್ತಾಯ್ತು. ಅವ್ರು ಕೇಳ್ದಿದ್ರೆ ಹೋಗ್ಲಿ. ನೀನ್ ಪಕ್ಕದಾಗೇ ಇದ್ಯಲ್ಲ, ನೀನಾದ್ರೂ ಕೇಳ್ಬೋದಿತ್ತು."

"ಈಗ ಹೇಳಿ ಸಿಸ್ಟರ್. ಕೇಳ್ತೀನಿ."

ಅವರು ಹತ್ತಿರ ಬಂದು ನನ್ನ ಬೆನ್ನು ಸವರಿದರು. "ಈಗ ನೀನ್ ಅಳ್ತಾ ಇದೀಯ. ನಿನ್ ಮುಂದೆ ಹೆಂಗ್ ಹೇಳ್ಲಿ?"

ಎರಡು ತಿಂಗಳಿಗೆ ಅವರು ತೀರಿಕೊಂಡರು. ಅವರ ಮಾತು ಕೇಳಿಸಿಕೊಳ್ಳಲೆಂದು ಹೋದವಳು ನಾನು. ಆವತ್ತೂ ಸಮಾಧಾನ ಮಾಡುವ ಕೆಲಸವನ್ನು ಅವರಿಗೇ ಹೊರಿಸಿ ಬಂದೆ.