ಬೂದಿಯೊಳಗಿನ ಕೊರಡನ್ನೂ ತೂಗಿದ ಕಾಡವ್ವ

ಹೊತ್ತು ಈಗಷ್ಟೇ ಮೂಡಿದೆ. ಮುನವಳ್ಳಿ ಸಮೀಪದ ಸಣ್ಣ ಊರಿನ ಶಾಲೆಯಂಗಳದಲ್ಲಿ ಕಾಡವ್ವ ಜಾಲಿಕಟ್ಟಿಗೆಯನ್ನು ತಕ್ಕಡಿಗೆ ಏರಿಸುತ್ತಿದ್ದಾರೆ. ಶಾಲೆಯ ಹಿಂದಿನ ಮನೆಯ ಸಂಘಮಿತ್ರಾ, ಏಳನೇ ತರಗತಿಯವಳು, ತೂಕ ಬರೆಯುವ ಪಟ್ಟಿ ತೆರೆದು ಕುಳಿತಿದ್ದಾಳೆ. ಇವತ್ತಿನ ಕಟ್ಟಿಗೆ ಹನ್ನೆರಡು ಕಿಲೋ. ಹೋದ ವರ್ಷದ ಮೊದಲಿಗೆ ಇಪ್ಪತ್ತೆರಡು ಬೇಕಾಗುತ್ತಿತ್ತು.

ಅಕ್ಷರ ದಾಸೋಹದ ಬಿಸಿಯೂಟದ ಕೆಲಸಕ್ಕೆ ಸೇರಿದಂದಿನಿಂದ, ಅಂದರೆ ಆರು ವರ್ಷದಿಂದ, ನೂರಾ ನಲವತ್ತಾರು ಮಕ್ಕಳಿಗೆ ಅನ್ನ ಸಾರು ಮಾಡುತ್ತಿರುವ ಕೈ ಇದು. ಅದಕ್ಕೂ ಮೊದಲು ಹತ್ತಿ ಬಿಡಿಸಲು ಹೋಗುತ್ತಿದ್ದರು. ಗಾಳಿಗೆ ಬಿಡುವ ಇಂಗಾಲವನ್ನು ಯಾರು ಎಲ್ಲರಿಗಿಂತ ಕಡಿಮೆ ಮಾಡುತ್ತಾರೆಂದು ಹೋದ ವರ್ಷ ಸಂಸ್ಥೆಯೊಂದು ಸವದತ್ತಿ ಸುತ್ತಿನ ಹನ್ನೊಂದು ಶಾಲೆಗಳ ನಡುವೆ ಪೈಪೋಟಿ ಇಟ್ಟಿತು. ಲೈಟು, ಫ್ಯಾನು ಎಲ್ಲ ಲೆಕ್ಕಕ್ಕೆ ಬಂದವು; ಒಲೆಯ ಕಟ್ಟಿಗೆಯನ್ನು ದಿನಾ ತೂಗಿಸಿ ಮಕ್ಕಳು ಪಟ್ಟಿಯಲ್ಲಿ ಬರೆಯಬೇಕಿತ್ತು. ಹೆಚ್ಚಿನ ಹೊಗೆ ಮಾತ್ರ ಕಾಡವ್ವನ ಒಲೆಯದೇ. ಗೆದ್ದ ಶಾಲೆಗೆ ಹೊಗೆಯಿಲ್ಲದ ದೊಡ್ಡ ಒಲೆ. ಅದು ಕಾಡವ್ವನಿಗೆ ಬಹಳ ಬೇಕಾಗಿತ್ತು. ಹೊಗೆಯಿಂದ ದೂರ ಇರದಿದ್ದರೆ ಕಣ್ಣು ಉಳಿಯುವುದಿಲ್ಲ ಎಂದು ಬೈಲಹೊಂಗಲದ ಡಾಕ್ಟರು ಹೇಳಿದ್ದರು.

ಅವರು ಬೇಳೆ ನೆನೆಹಾಕಿದರು, ಕಟ್ಟಿಗೆ ಸಣ್ಣಗೆ ಸೀಳಿ ಒಣಗಿಸಿದರು. ಅನ್ನ ಮುಕ್ಕಾಲು ಬೆಂದೊಡನೆ ಇಳಿಸಿ, ಪಾತ್ರೆಗೆ ಹಳೆಯ ಕೌದಿಯ ಹೊದಿಕೆ ಸುತ್ತಿ, ಜೋಳದ ಹೊಟ್ಟು ತುಂಬಿದ ಬುಟ್ಟಿಯಲ್ಲಿ ಕೂಡಿಸಿದರು. ಉಳಿದದ್ದು ಅಲ್ಲೇ ಬೇಯುತ್ತದೆ. ಅನ್ನಕ್ಕೆ ಚಳಿಜ್ವರ ಬಂದಿದೆಯೇನು ಆಯಿ ಎಂದು ಮಕ್ಕಳು ಕಾಡಿಸಿದ್ದೇ ಕಾಡಿಸಿದ್ದು. ಜನವರಿ ಹೊತ್ತಿಗೆ ಇವರ ಶಾಲೆಯೇ ಮುಂದಿತ್ತು.

ಫಲಿತಾಂಶಕ್ಕೆ ಹತ್ತು ದಿನ ಉಳಿದಿದ್ದಾಗ, ಒಂದು ಸೋಮವಾರ, ಒಲೆ ಕೆದರಿದ ಕಾಡವ್ವ ಹಾಗೇ ಕುಳಿತುಬಿಟ್ಟರು. ಒಲೆ ಪೂರ್ತಿ ಆರಬಾರದು ಎಂಬುದು ಅತ್ತೆ ಕಲಿಸಿದ ರೂಢಿ. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ದಪ್ಪ ಕೊರಡೊಂದನ್ನು ಬೂದಿಯಲ್ಲಿ ಹೂತಿಟ್ಟರೆ ಮರುದಿನಕ್ಕೆ ಕೆಂಡ ಸಿದ್ಧ. ಶನಿವಾರ ಹೂತ ಕೊರಡು ಸೋಮವಾರ ಪೂರಾ ಬೂದಿ. ಅಂಥದ್ದೇ ಇನ್ನೊಂದನ್ನು ತೂಗಿದರೆ ಮೂರು ಕಿಲೋ! ಬೆಳಗಿನ ಕಟ್ಟಿಗೆಯನ್ನಷ್ಟೇ ತೂಗಿಸುತ್ತಿದ್ದವರು ಈ ಕೊರಡುಗಳನ್ನು ಒಂದು ದಿನವೂ ಬರೆಸಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಮುಖ್ಯ ಶಿಕ್ಷಕಿ ರಾಜೇಶ್ವರಿಯವರ ಮುಂದೆ ಹೋಗಿ ನಿಂತರು. “ಅಕ್ಕೋರ, ಪಟ್ಟಿ ತಪ್ಪೈತ್ರಿ. ಬೂದ್ಯಾಗ ಮುಚ್ಚಿದ ಕೊರಡು ನಾ ತೂಗಿಲ್ರಿ.”

ಅಕ್ಕೋರು ಪಟ್ಟಿಯ ಹಾಳೆ ಮಗುಚಿ ನೋಡಿದರು. “ಆ ಒಲಿ ನಿಮಗ ಬೇಕಾಗಿತ್ತಲ್ಲ, ಕಾಡವ್ವ?”

“ಬೇಕ್ರಿ. ಆದ್ರ ಪಟ್ಟಿ ಬರಿಯೋರು ಹುಡುಗೂರು. ಅವರ ಕೈಲೆ ನಾ ಹೆಂಗ ಸುಳ್ಳ ಬರಸ್ಲಿ?”

ತಿದ್ದಿದ ಪಟ್ಟಿ ಸಂಸ್ಥೆಗೆ ಹೋಯಿತು. ಶಾಲೆ ಮೂರನೆಯದಾಯಿತು, ಒಲೆ ಬೇರೆ ಊರು ಸೇರಿತು. ಬಳಿಕ ಸಂಸ್ಥೆಯವರು ಉಳಿದ ಅಡುಗೆಕೋಣೆಗಳಲ್ಲಿ ವಿಚಾರಿಸಿದರೆ ಇನ್ನೂ ಐದು ಕಡೆ ಕೊರಡು ಬೂದಿಯಲ್ಲಿ ಮಲಗಿತ್ತು. ಈ ವರ್ಷದಿಂದ ಮಧ್ಯಾಹ್ನವೇ ಎಲ್ಲರೂ ಒಲೆಗೆ ನೀರು ಹಾಕಿ ಆರಿಸಬೇಕು. ಪಕ್ಕದೂರಿನ ಅಡುಗೆಯ ಶೆಟ್ಟೆವ್ವ ಸಂತೆಯಲ್ಲಿ ಸಿಕ್ಕಾಗಲೆಲ್ಲ ಛೇಡಿಸುತ್ತಾಳಂತೆ: “ನಿನ್ನ ಸಲುವಾಗಿ ದಿನಾ ಬೆಂಕಿಕಡ್ಡಿ ಕೊರಿಯೋದಾತಲ್ಲ ನಮಗ!”

ಹೊಸ ಪೈಪೋಟಿ ನಡೆದಿದೆ. ಈ ಸಲ ಒಲೆ ಬಂದೀತೇ ಎಂದು ಕೇಳುತ್ತೇನೆ. ಕಾಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಾರೆ. “ಬಂದ್ರ ಚಲೋ ಆತ್ರಿ. ಇನ್ನೊಂದ ಹತ್ತ ವರ್ಷ ಈ ಹುಡುಗೂರ ಮಾರಿ ನೋಡಿಕೋತ ಅನ್ನ ನೀಡ್ತೇನಿ.”

ತಣ್ಣನೆಯ ಒಲೆಗೆ ಅವರು ಕಡ್ಡಿ ಗೀರುತ್ತಾರೆ. ಆ ಕಡ್ಡಿಯನ್ನೂ ತೂಗಬೇಕೇನು ಆಯಿ ಎಂದು ಸಂಘಮಿತ್ರಾ ತುಂಟತನದಿಂದ ಕೇಳುತ್ತಾಳೆ.

“ಒಂದ ಕಡ್ಡಿ ಅಂತ ಬರಿ,” ಎನ್ನುತ್ತಾರೆ ಕಾಡವ್ವ. “ಬರಿಯೋದು ನಿಂದು. ನೀ ಬರೆದದ್ದು ಖರೇ ಇರೂಹಂಗ ನೋಡಿಕೊಳ್ಳೋದು ನಂದು.”